ಬಣ್ಣ ಜಾರುವ ಅಕ್ಷರ: ಮರದ ಹಲಗೆಯಿಂದ ಬ್ರೌಸರಿನವರೆಗೆ



ಶ್ರಾವಣ ಬಂತೆಂದರೆ ನಿಮ್ಮ ಮೊಬೈಲಿಗೆ ಶುಭಾಶಯದ ಚಿತ್ರಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಅವುಗಳಲ್ಲಿ ಒಂದನ್ನು ಸ್ವಲ್ಪ ನಿಂತು ನೋಡಿ. ‘ವರಮಹಾಲಕ್ಷ್ಮಿ ಹಬ್ಬದ ಶುಭಾಶಯಗಳು’ ಎಂಬ ಸಾಲು ಎಡಗಡೆ ಕುಂಕುಮದ ಕೆಂಪಿನಲ್ಲಿ ಹೊರಟು, ನಡುವೆ ಕಿತ್ತಳೆಯಾಗಿ, ಬಲತುದಿಗೆ ಬರುವಷ್ಟರಲ್ಲಿ ಅರಿಶಿನದ ಹಳದಿಯಾಗಿರುತ್ತದೆ. ಕೆಂಪು ಎಲ್ಲಿ ಮುಗಿಯಿತು, ಹಳದಿ ಎಲ್ಲಿ ತೊಡಗಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹೀಗೆ ಒಂದು ಬಣ್ಣ ಇನ್ನೊಂದರೊಳಗೆ ಜಾರಿಕೊಳ್ಳುವುದಕ್ಕೆ ಕಂಪ್ಯೂಟರಿನವರು ಗ್ರೇಡಿಯೆಂಟ್ ಎನ್ನುತ್ತಾರೆ. ಫಲಕ ಬರೆಯುವ ಕಲಾವಿದರ ಬಾಯಲ್ಲಿ ಅದು ಬರೀ ‘ಶೇಡ್’.

ಇಂಥ ಸಾಲನ್ನು ಮಾಡಿಕೊಡುವ ಪುಟ್ಟ ಸಾಧನಗಳು ಇಂದು ಬ್ರೌಸರಿನಲ್ಲೇ ಸಿಗುತ್ತವೆ. ಮಾತನ್ನು ಟೈಪು ಮಾಡಿ, ಎರಡು ಬಣ್ಣ ಆರಿಸಿದರೆ ಸಾಕು, ಕೆಲಸ ಮುಗಿಯಿತು. ಅಂಥದೊಂದು ಸಾಧನವನ್ನು ಕಟ್ಟುವುದು ಪ್ರೋಗ್ರಾಮಿಂಗ್ ಕಲಿಯುವವರಿಗೆ ಒಂದು ಸಂಜೆಯ ಅಭ್ಯಾಸ ಎಂದು ಹೇಳುವುದುಂಟು. ಇಂಗ್ಲಿಷಿಗಾದರೆ ಈ ಮಾತು ನಿಜ. ಕನ್ನಡಕ್ಕೆ ಬಂದಾಗ ಮಾತ್ರ ಅದೇ ಸಾಧನ ಎಷ್ಟೋ ಸಲ ‘ಲಕ್ಷ್ಮಿ’ಯ ಒತ್ತುಗಳನ್ನು ಕಿತ್ತು ಬೇರೆ ಬೇರೆ ಇಡುತ್ತದೆ. ಬರೆದವರ ಕಾಗುಣಿತ ಸರಿಯಾಗಿಯೇ ಇರುತ್ತದೆ, ತೆರೆಯ ಮೇಲೆ ಬರುವ ಹೆಸರು ಮಾತ್ರ ಸರಿಯಿರುವುದಿಲ್ಲ. ಏಕೆ ಹೀಗೆ? ಬಣ್ಣವನ್ನು ಅಕ್ಷರಕ್ಕೆ ಹಚ್ಚುವುದೋ, ಅಕ್ಷರ ಕುಳಿತಿರುವ ಮೈಗೆ ಹಚ್ಚುವುದೋ ಎಂಬ ಹಳೆಯ ಪ್ರಶ್ನೆಯೊಂದು ಇದರ ಹಿಂದಿದೆ. ಆ ಪ್ರಶ್ನೆಯನ್ನೇ ಹಿಡಿದುಕೊಂಡು ಸ್ವಲ್ಪ ಹಿಂದಕ್ಕೆ ಹೋಗೋಣ.

ಜರ್ಮನಿಯ ಮೈಂಝ್ ನಗರದಲ್ಲಿ 1457ರಲ್ಲಿ ಫುಸ್ಟ್ ಮತ್ತು ಶೋಫರ್ ಎಂಬಿಬ್ಬರು ಒಂದು ಕೀರ್ತನಸಂಗ್ರಹವನ್ನು ಮುದ್ರಿಸಿದರು. ಅದರ ದೊಡ್ಡ ಮೊದಲಕ್ಷರಗಳು ಕೆಂಪು ಮತ್ತು ನೀಲಿ ಎರಡೂ ಬಣ್ಣಗಳಲ್ಲಿವೆ. ಲೋಹದ ಎರಡು ತುಂಡುಗಳಿಗೆ ಬೇರೆ ಬೇರೆಯಾಗಿ ಶಾಯಿ ಹಚ್ಚಿ, ಒಂದರೊಳಗೊಂದು ಕೂಡಿಸಿ, ಒಂದೇ ಒತ್ತಿಗೆ ಮುದ್ರಿಸಿದ್ದರು ಎಂಬುದು ವಿದ್ವಾಂಸರ ಅಭಿಪ್ರಾಯ. ಇಲ್ಲಿ ಬಣ್ಣ ಸೇರಿರುವುದು ಅಕ್ಷರದ ತುಂಡಿಗೆ. ಆದ್ದರಿಂದ ಎರಡು ಬಣ್ಣಗಳ ನಡುವೆ ಗಡಿ ಚೂಪಾಗಿದೆ, ಒಂದು ಇನ್ನೊಂದಕ್ಕೆ ಜಾರುವುದಿಲ್ಲ.

ಜಾರುವ ಬಣ್ಣವನ್ನು ಕಾಣಬೇಕಾದರೆ ಜಪಾನಿಗೆ ಹೋಗಬೇಕು. ಅಲ್ಲಿನ ಮರದಚ್ಚಿನ ಚಿತ್ರಕಾರರು ಇದನ್ನು ‘ಬೊಕಾಶಿ’ ಎನ್ನುತ್ತಿದ್ದರು. ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಅಂಚಿಗೆ ಮಾತ್ರ ಬಣ್ಣವಿಟ್ಟು, ಬ್ರಶ್ಶಿನಿಂದ ಎಳೆದರೆ ಬಣ್ಣ ನೀರಿನಲ್ಲಿ ತೆಳುವಾಗುತ್ತಾ ಹೋಗುತ್ತದೆ. ಆಮೇಲೆ ಕಾಗದವಿಟ್ಟು ಉಜ್ಜಬೇಕು. ಪ್ರತಿ ಪ್ರತಿಗೂ ಇದೇ ಕೆಲಸ ಕೈಯಿಂದಲೇ ಹೊಸದಾಗಿ ಆಗಬೇಕು. ಹೀಗಾಗಿ ಒಂದೇ ಚಿತ್ರದ ಎರಡು ಪ್ರತಿಗಳಲ್ಲಿ ಆಕಾಶದ ನೀಲಿ ಒಂದೇ ತೆರನಾಗಿರುವುದಿಲ್ಲ. ಹಿರೋಶಿಗೆ 1856ರಿಂದ 1858ರವರೆಗೆ ರಚಿಸಿದ ಎಡೊ ನಗರದ ನೂರು ನೋಟಗಳ ಮಾಲೆಯಲ್ಲಿ ಈ ಕೌಶಲದ ಉತ್ತುಂಗವನ್ನು ಕಾಣಬಹುದು. ಅದರ ಒಳ್ಳೆಯ ಮೊದಲ ಪ್ರತಿಗಳಲ್ಲಿ ಚಿತ್ರದ ಹೆಸರು ಬರೆದ ಚೌಕಕ್ಕೂ ಹೀಗೆ ಜಾರುವ ಬಣ್ಣ ಕೊಟ್ಟಿದ್ದಾರೆ. ಗಮನಿಸಿ, ಬಣ್ಣ ಹಚ್ಚಿರುವುದು ಅಕ್ಷರಕ್ಕಲ್ಲ, ಅಕ್ಷರದ ಹಿಂದಿನ ಮೈಗೆ. ಬರಹ ಅದರ ಮೇಲೆ ಕಪ್ಪಾಗಿ, ಇಡಿಯಾಗಿ ಉಳಿದಿದೆ.

ಯೂರೋಪಿನಲ್ಲಿ ಇದು ಮೊದಲು ಬೇರೂರಿದ್ದು ಪುಸ್ತಕದಲ್ಲಲ್ಲ, ಗೋಡೆಗೆ ಅಂಟಿಸುವ ಕಾಗದದಲ್ಲಿ. ಅಲ್ಸೇಸ್ ಪ್ರಾಂತದ ರಿಕ್ಸೈಮ್ ಊರಿನ ಜುಬೇರ್ ಕಾರ್ಖಾನೆ 1820ರ ದಶಕದಲ್ಲಿ ಕಾಮನಬಿಲ್ಲಿನಂತೆ ಹರಡಿಕೊಳ್ಳುವ ಬಣ್ಣದ ಕಾಗದಗಳಿಗೆ ಹೆಸರಾಯಿತು. ಅದೇ ತತ್ತ್ವ ಮುಂದೆ ಮುದ್ರಣಾಲಯದ ರೋಲರಿಗೆ ಬಂತು. ಶಾಯಿಯ ತೊಟ್ಟಿಯಲ್ಲಿ ಅಡ್ಡ ತಡೆಗಳನ್ನಿಟ್ಟು ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಳದಿ ಸುರಿಯುತ್ತಾರೆ. ರೋಲರು ಉರುಳುವುದರ ಜೊತೆಗೆ ಆಚೆ ಈಚೆ ಸರಿದಾಡುವುದರಿಂದ ನಡುವಿನ ಗಡಿಯಲ್ಲಿ ಎರಡೂ ಬೆರೆತು ಕಿತ್ತಳೆಯಾಗುತ್ತದೆ. ಒಂದೇ ಸಲದ ಮುದ್ರಣ, ಖರ್ಚು ಕಡಿಮೆ, ನೋಟಕ್ಕೆ ಹಲವು ಬಣ್ಣ! ನಮ್ಮ ಊರುಗಳಲ್ಲಿ ಲಗ್ನಪತ್ರಿಕೆ ಮುದ್ರಿಸುತ್ತಿದ್ದ ಟ್ರೆಡಲ್ ಯಂತ್ರವನ್ನು ನೋಡಿದವರಿಗೆ ಒಂದು ತೊಡಕು ಕೂಡಲೇ ಹೊಳೆಯುತ್ತದೆ. ಅದರ ಮೇಲಿನ ದುಂಡು ತಟ್ಟೆ ಪ್ರತಿ ಒತ್ತಿಗೂ ಒಂದಿಷ್ಟು ತಿರುಗಿ ಶಾಯಿಯನ್ನೆಲ್ಲ ಒಂದು ಮಾಡಿಬಿಡುತ್ತದೆ. ತಟ್ಟೆ ತಿರುಗದಂತೆ ತಡೆಯದಿದ್ದರೆ ಕಾಮನಬಿಲ್ಲು ಕೆಲವೇ ಹೊತ್ತಿನಲ್ಲಿ ರಾಡಿಯಾಗುತ್ತದೆ.

ಅಗ್ಗದ ಈ ಉಪಾಯಕ್ಕೆ ಗಂಭೀರವಾದ ಇನ್ನೊಂದು ಉಪಯೋಗವೂ ಒದಗಿತು. ರಷ್ಯಾದ ಸರ್ಕಾರಿ ಮುದ್ರಣಾಲಯದಲ್ಲಿದ್ದ ಇವಾನ್ ಓರ್ಲೋವ್ 1890ರ ದಶಕದ ಆರಂಭದಲ್ಲಿ ಎಲ್ಲ ಬಣ್ಣಗಳನ್ನೂ ಒಂದೇ ಅಚ್ಚಿನ ಮೇಲೆ ಕೂಡಿಸಿ ಒಂದೇ ಬಾರಿಗೆ ಕಾಗದಕ್ಕೆ ಇಳಿಸುವ ಯಂತ್ರ ಮಾಡಿದ. ಎಳೆಯಂಥ ಒಂದು ಗೆರೆ ಎಲ್ಲಿಯೂ ತುಂಡಾಗದೆ ಒಂದು ಬಣ್ಣದಿಂದ ಇನ್ನೊಂದಕ್ಕೆ ಹೊರಳುತ್ತಿತ್ತು. ಖೋಟಾ ನೋಟು ಮಾಡುವವನು ಬಣ್ಣಕ್ಕೊಂದು ಅಚ್ಚು ಮಾಡಿದರೆ ಗೆರೆಯ ತುದಿಗಳು ಒಂದಕ್ಕೊಂದು ಕೂಡುವುದಿಲ್ಲ, ಸಿಕ್ಕಿಬೀಳುತ್ತಾನೆ. ನೋಡಿ, ಗೋಡೆಯ ಅಂದಕ್ಕೆಂದು ಹುಟ್ಟಿದ್ದು ಖಜಾನೆಯ ಕಾವಲಿಗೆ ನಿಂತಿತು. 1966ರ ಸುಮಾರಿಗೆ ಅಮೆರಿಕದ ಸ್ಯಾನ್‌ ಫ್ರಾನ್ಸಿಸ್ಕೊದಲ್ಲಿ ‘ಓರಕಲ್’ ಎಂಬ ಹಿಪ್ಪಿಗಳ ಪತ್ರಿಕೆ ಅದೇ ಒಡೆದ ತೊಟ್ಟಿಯ ಉಪಾಯದಿಂದ ಪುಟಪುಟಗಳಲ್ಲಿ ಕಾಮನಬಿಲ್ಲನ್ನು ಹರಿಸಿತು.

ನಮ್ಮ ನಾಡಿನ ಮಾತಿಗೆ ಬರೋಣ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಅದರಲ್ಲಿ ಬಣ್ಣದ ಬೆಡಗೇನೂ ಇರಲಿಲ್ಲ. ಆದರೆ ನಮ್ಮ ಚರ್ಚೆಗೆ ಬೇಕಾದ ಒಂದು ಗುಣ ಕಲ್ಲಚ್ಚಿನಲ್ಲಿದೆ. ಕಲ್ಲಿಗೆ ಕಕಾರ, ಷಕಾರ, ಮಕಾರ ಎಂಬ ಭೇದ ತಿಳಿಯದು. ಕೈಬರಹದ ಸಾಲು ಅದಕ್ಕೆ ಇಡಿಯಾದ ಒಂದು ಚಿತ್ರ. ಮೊಳೆಯಚ್ಚು ಬಂದ ಮೇಲೆ ಕನ್ನಡದ ಅಕ್ಷರ ಪೆಟ್ಟಿಗೆಯ ಮನೆಮನೆಗಳಲ್ಲಿ ಹಂಚಿಹೋಯಿತು. ಅಕ್ಷರಕ್ಕೊಂದು ಮೊಳೆ, ಒತ್ತಿಗೆ ಬೇರೊಂದು ಮೊಳೆ. ಅವನ್ನು ಕೂಡಿಸಿ ಮತ್ತೆ ಅಕ್ಷರ ಮಾಡುವ ಹೊಣೆ ಮೊಳೆ ಜೋಡಿಸುವವರ ಬೆರಳುಗಳದ್ದಾಯಿತು. ಆ ಬೆರಳಿಗೆ ಕನ್ನಡ ಗೊತ್ತಿತ್ತು ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ತೆರೆಗೆ ಬರೋಣ. 1982ರಲ್ಲಿ ನಮ್ಮ ದೂರದರ್ಶನ ವರ್ಣಮಯವಾಯಿತು. ಅದಕ್ಕೂ ಮುಂಚೆ, 1973ರಲ್ಲೇ, ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಿಚರ್ಡ್ ಶೂಪ್ ‘ಸೂಪರ್‌ಪೇಂಟ್’ ಎಂಬ ವ್ಯವಸ್ಥೆಯಲ್ಲಿ 256 ಬಣ್ಣಗಳ ಚಿತ್ರವನ್ನು ತೆರೆಯ ಮೇಲೆ ತಿದ್ದಿ ತೋರಿಸಿದ್ದರು. ತೆರೆ ಎಂದರೆ ಚುಕ್ಕಿಗಳ ಮೈ. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕು. ಒಂದೊಂದಕ್ಕೂ 0ಯಿಂದ 255ರವರೆಗೆ ಅಂಕಿ ಕೊಟ್ಟರೆ 1,67,77,216 ಬಣ್ಣಗಳಾಗುತ್ತವೆ. ಜಪಾನಿನ ಕುಶಲಕರ್ಮಿ ಒದ್ದೆ ಬಟ್ಟೆಯಿಂದ ಮಾಡಿದ್ದನ್ನು ಇಲ್ಲಿ ಲೆಕ್ಕದಿಂದ ಮಾಡಬಹುದು, ಎಷ್ಟು ಪ್ರತಿ ತೆಗೆದರೂ ಅಂಕಿ ಬದಲಾಗದು.

ಆದರೆ ಅಂತರಜಾಲ ಹಿಡಿದ ದಾರಿ ಚುಕ್ಕಿಯದಲ್ಲ, ಅಕ್ಷರದ್ದು. ಅದು ಹುಟ್ಟಿದ್ದು ಬರಹವನ್ನು ಕಳಿಸುವುದಕ್ಕೆ. ಬಣ್ಣ ಆಮೇಲೆ ಸೇರಿದ್ದು. ನೆಟ್‌ಸ್ಕೇಪ್ ಬ್ರೌಸರು ರೂಢಿಗೆ ತಂದ, 1997ರ ಜನವರಿಯಲ್ಲಿ ಎಚ್‌ಟಿಎಂಎಲ್ 3.2ರಲ್ಲಿ ಅಧಿಕೃತವಾದ ‘ಫಾಂಟ್’ ಎಂಬ ಗುರುತು, ತನ್ನೊಳಗಿನ ಬರಹಕ್ಕೆ ಒಂದು ಬಣ್ಣ ಕೊಡುತ್ತಿತ್ತು, ಒಂದೇ ಬಣ್ಣ. ಜಾರುವ ಬಣ್ಣ ಬೇಕೆಂದವರು ಏನು ಮಾಡಬೇಕು? ಪದವನ್ನು ಅಕ್ಷರಕ್ಕೊಂದು ತುಂಡು ಮಾಡಿ, ತುಂಡಿಗೊಂದು ಬಣ್ಣ ಹಚ್ಚಬೇಕು. 1995ರಲ್ಲಿ ಬ್ರೆಂಡನ್ ಐಕ್ ರಚಿಸಿದ ಜಾವಾಸ್ಕ್ರಿಪ್ಟ್ ಭಾಷೆ ಕೈಗೆ ಬಂದ ಮೇಲೆ ಈ ಬೇಸರದ ಕೆಲಸವನ್ನು ಬ್ರೌಸರಿನ ಪಾಲಿಗೇ ಬಿಡುವುದು ಸಾಧ್ಯವಾಯಿತು. ಆ ದಶಕದ ಕೊನೆಯಲ್ಲಿ ಅಮೆರಿಕದ ಹುಡುಗರು ಹರಟೆಕೋಣೆಗಳಲ್ಲಿ ತಮ್ಮ ಮಾತನ್ನು ಬಣ್ಣ ಜಾರಿಸಿ ಕಳಿಸಲು ‘ಫೇಡರ್’ ಎಂಬ ಚಿಕ್ಕ ತಂತ್ರಾಂಶಗಳನ್ನು ಬಳಸುತ್ತಿದ್ದರು. ಇಂದಿನ ಗ್ರೇಡಿಯೆಂಟ್ ಸಾಧನಗಳು ಅವುಗಳ ಮೊಮ್ಮಕ್ಕಳು.

ಒಳಗಿನ ಲೆಕ್ಕ ಪ್ರೌಢಶಾಲೆಯ ಮಟ್ಟದ್ದು. ಐದು ಅಕ್ಷರದ ಪದ ಕೆಂಪಿನಿಂದ ನೀಲಿಗೆ ಹೋಗಬೇಕೆನ್ನಿ. ಕೆಂಪಿನ ಅಂಕಿ 255ರಿಂದ 0ಗೆ ಇಳಿಯಬೇಕು, ನೀಲಿಯದು 0ಯಿಂದ 255ಕ್ಕೆ ಏರಬೇಕು. ಐದು ಗೂಟಗಳ ನಡುವೆ ನಾಲ್ಕೇ ಅಂತರ, ಆದ್ದರಿಂದ ಭಾಗಿಸಬೇಕಾದ್ದು ನಾಲ್ಕರಿಂದ. ಕೆಂಪು ಕ್ರಮವಾಗಿ 255, 191, 128, 64, 0 ಎಂದು ಬರುತ್ತದೆ. ಐದರಿಂದ ಭಾಗಿಸಿದರೆ ಕೊನೆಯ ಅಕ್ಷರ ನೀಲಿಯನ್ನು ಮುಟ್ಟುವುದೇ ಇಲ್ಲ. ಒಂದೇ ಅಕ್ಷರವಿದ್ದರೆ ಸೊನ್ನೆಯಿಂದ ಭಾಗಿಸುವ ಪ್ರಸಂಗ ಬರುತ್ತದೆ, ಅದಕ್ಕೆ ಬೇರೆ ಏರ್ಪಾಡು ಬೇಕು. ಕಟ್ಟುವವರು ಇವೆರಡನ್ನೂ ಮೊದಲೇ ನೋಡಿಕೊಳ್ಳಬೇಕು.

ಲೆಕ್ಕ ಸರಿಯಿದ್ದೂ ಕಣ್ಣಿಗೆ ಒಗ್ಗದ ಪ್ರಸಂಗಗಳುಂಟು. ಹಳದಿಯಿಂದ ನೀಲಿಗೆ ಹೋಗಿ ನೋಡಿ. ಚಿತ್ರಕಲೆ ಕಲಿತವರು ನಡುವೆ ಹಸಿರನ್ನು ನಿರೀಕ್ಷಿಸುತ್ತಾರೆ. ತೆರೆಯ ಮೇಲೆ ಬರುವುದು ಬೂದಿ! ಏಕೆಂದರೆ ಬೆಳಕಿನಲ್ಲಿ ಹಳದಿ ಎಂದರೆ ಕೆಂಪು ಮತ್ತು ಹಸಿರು ಎರಡೂ ಪೂರ್ತಿ. ನೀಲಿಯ ಕಡೆಗೆ ಅರ್ಧ ದಾರಿ ನಡೆದಾಗ ಮೂರೂ ಬೆಳಕು ಅರ್ಧರ್ಧ ಆಗಿಬಿಡುತ್ತವೆ. ಮೂರೂ ಸಮವಾದರೆ ಬಣ್ಣವೇ ಇಲ್ಲ. ಕೆಂಪಿನಿಂದ ಹಸಿರಿಗೆ ಹೋದರೂ ನಡುವೆ ಮಂಕು ಕವಿಯುತ್ತದೆ. 2020ರ ಕೊನೆಯಲ್ಲಿ ಬ್ಯೋರ್ನ್ ಓಟೊಸನ್ ಎಂಬುವರು ಮನುಷ್ಯನ ಕಣ್ಣಿಗೆ ಹತ್ತಿರವಾಗಿ ಬಣ್ಣವನ್ನು ಅಳೆಯುವ ‘ಓಕೆಲ್ಯಾಬ್’ ಎಂಬ ಪದ್ಧತಿಯನ್ನು ಪ್ರಕಟಿಸಿದರು. ಬ್ರೌಸರುಗಳು ಅದನ್ನು ಬೇಗನೆ ಸ್ವೀಕರಿಸಿದವು. ನನ್ನ ಅಭಿಪ್ರಾಯದಲ್ಲಿ ಸುಲಭದ ಮದ್ದು ಇನ್ನೊಂದಿದೆ: ನಡುವೆ ಮೂರನೆಯ ಬಣ್ಣವನ್ನು ನೀವೇ ಇಡಿ. ಶಾಯಿಯ ತೊಟ್ಟಿಗೆ ಮೂರು ಮನೆ ಮಾಡಿದ ಮುದ್ರಕರು ಮಾಡಿದ್ದೂ ಅದನ್ನೇ.

ಇನ್ನು ಮುಖ್ಯ ವಿಷಯ. ಮೇಲಿನ ಲೆಕ್ಕದಲ್ಲಿ ‘ಐದು ಅಕ್ಷರದ ಪದ’ ಎಂದು ಸಲೀಸಾಗಿ ಹೇಳಿಬಿಟ್ಟೆವಲ್ಲ, ಅಕ್ಷರ ಎಂದರೆ ಯಾವುದು? ಇಂಗ್ಲಿಷಿನಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಕನ್ನಡದಲ್ಲಿ ಏಳುತ್ತದೆ. ‘ವರಮಹಾಲಕ್ಷ್ಮಿ’ ಎಂದು ಬಾಯಿಬಿಟ್ಟು ಎಣಿಸಿ: ವ, ರ, ಮ, ಹಾ, ಲ, ಕ್ಷ್ಮಿ. ಆರು ಅಕ್ಷರ. ಅದೇ ಹೆಸರನ್ನು ಕಂಪ್ಯೂಟರ್ ಯೂನಿಕೋಡ್ ಸಂಕೇತಗಳಲ್ಲಿ ಇಟ್ಟುಕೊಳ್ಳುವಾಗ ಹಾ ಎಂಬುದು ಹಕಾರ ಮತ್ತು ದೀರ್ಘದ ಗುರುತು, ಹೀಗೆ ಎರಡಾಗುತ್ತದೆ. ಕ್ಷ್ಮಿ ಎಂಬ ಒಂದಕ್ಷರ ಕಕಾರ, ವಿರಾಮ, ಷಕಾರ, ವಿರಾಮ, ಮಕಾರ, ಗುಡಿಸು ಎಂದು ಆರು ಸಂಕೇತಗಳಾಗುತ್ತದೆ. ಒಟ್ಟು 12. ಇಂಗ್ಲಿಷಿಗೆಂದು ಕಟ್ಟಿದ ಸಾಧನ ಈ ಹನ್ನೆರಡಕ್ಕೂ ಒಂದೊಂದು ಬಣ್ಣ ಹಚ್ಚಲು ಹೊರಡುತ್ತದೆ.

ಫಲ ಬ್ರೌಸರಿನಿಂದ ಬ್ರೌಸರಿಗೆ, ಸಾಧನದಿಂದ ಸಾಧನಕ್ಕೆ ಬೇರೆ. ಕೆಲವೆಡೆ ಅಕ್ಷರ ಹೇಗೋ ಕೂಡಿಕೊಂಡು, ಬಣ್ಣ ಮಾತ್ರ ಎಲ್ಲೆಂದರಲ್ಲಿ ನೆಗೆಯುತ್ತದೆ. ತುಂಡುಗಳನ್ನು ಒಂದೊಂದಾಗಿ ಕುಣಿಸಲೆಂದು ಪೆಟ್ಟಿಗೆಗಳಂತೆ ಬೇರೆ ಬೇರೆ ಇಟ್ಟಿದ್ದರಂತೂ ಒತ್ತು ಬಿದ್ದುಹೋಗುತ್ತದೆ, ಗುಡಿಸು ಆಸರೆಯಿಲ್ಲದೆ ಚುಕ್ಕೆಗಳ ವೃತ್ತವೊಂದಕ್ಕೆ ನೇತುಬೀಳುತ್ತದೆ. ‘ಕರ್ನಾಟಕ’ ಎಂಬ ಪದವನ್ನೇ ತೆಗೆದುಕೊಳ್ಳಿ. ಸಂಕೇತಗಳ ಸಾಲಿನಲ್ಲಿ ರಕಾರ ನಾ ಗಿಂತ ಮೊದಲು ಬರುತ್ತದೆ. ಕಣ್ಣಿಗೆ ಕಾಣುವ ಅರ್ಕಾವೊತ್ತು ನಾ ಆದ ಮೇಲೆ ಕೂರುತ್ತದೆ. ಸಂಕೇತದ ಕ್ರಮದಲ್ಲಿ ಬಣ್ಣ ಹಚ್ಚಿದರೆ ಅರ್ಕಾವೊತ್ತಿಗೆ ಹಿಂದಿನ ಬಣ್ಣ, ನಾ ಎಂಬುದಕ್ಕೆ ಮುಂದಿನ ಬಣ್ಣ. ಜಾರಬೇಕಾದ ಬಣ್ಣ ಅಲ್ಲಿ ಹಿಂದಕ್ಕೆ ಎಡವುತ್ತದೆ. ವಿಪರ್ಯಾಸವೆಂದರೆ, ಯೂನಿಕೋಡಿಗೆ ಮುಂಚಿನ ನಮ್ಮ ಹಳೆಯ ಫಾಂಟುಗಳಲ್ಲಿ ಒತ್ತು ಮೊಳೆಯಂತೆಯೇ ಪ್ರತ್ಯೇಕವಾಗಿ ಇರುತ್ತಿದ್ದುದರಿಂದ ಅದಕ್ಕೆ ಬೇರೆ ಬಣ್ಣ ತಗುಲಿದರೂ ಆಕಾರ ಮುರಿಯುತ್ತಿರಲಿಲ್ಲ.

ಇದಕ್ಕೆ ಜಗತ್ತಿನ ತಂತ್ರಜ್ಞರು ಏನೂ ಮಾಡಿಲ್ಲವೇ ಎಂದು ನೀವು ಕೇಳಬಹುದು. ಮಾಡಿದ್ದಾರೆ. ಬರಹವನ್ನು ಓದುಗರ ಕಣ್ಣಿನ ಅಕ್ಷರಗಳಾಗಿ ಒಡೆದುಕೊಡುವ ‘ಸೆಗ್ಮೆಂಟರ್’ ಎಂಬ ಸೌಲಭ್ಯ 2020ರಿಂದ ಬ್ರೌಸರುಗಳಿಗೆ ಒಂದೊಂದಾಗಿ ಬಂತು. 2024ರಲ್ಲಿ ಫೈರ್‌ಫಾಕ್ಸ್ ಸೇರುವುದರೊಂದಿಗೆ ಮುಖ್ಯ ಬ್ರೌಸರುಗಳಲ್ಲೆಲ್ಲ ಇದು ದೊರೆತಂತಾಯಿತು. ಅದು ಯೂನಿಕೋಡಿನ ನಿಯಮವನ್ನು ಅನುಸರಿಸುತ್ತದೆ. ಹಳೆಯ ನಿಯಮದಂತೆ ವಿರಾಮ ಬಂದಲ್ಲಿ ಅಕ್ಷರ ಮುಗಿಯಿತೆಂದೇ ಲೆಕ್ಕ. 2023ರಲ್ಲಿ ಬಂದ ಯೂನಿಕೋಡ್ 15.1 ಆವೃತ್ತಿ ಇದನ್ನು ತಿದ್ದಿ, ಒತ್ತಕ್ಷರವನ್ನು ಒಂದೇ ಅಕ್ಷರವೆಂದು ಎಣಿಸುವ ನಿಯಮ ತಂದಿತು. ಆ ನಿಯಮ ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಲಿಪಿಗಳಿಗೆ. ಆ ಆವೃತ್ತಿಯ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಒಡಹುಟ್ಟಿದ ತೆಲುಗು ಲಿಪಿಯ ಲಕ್ಷ್ಮಿ ಇಡಿಯಾಗಿ ಉಳಿದಳು. ಕನ್ನಡದ ಲಕ್ಷ್ಮಿ ಆ ನಿಯಮದ ಕಣ್ಣಿಗೆ ಲ, ಕ್, ಷ್, ಮಿ ಎಂದು ನಾಲ್ಕಾದಳು. ವರಮಹಾಲಕ್ಷ್ಮಿಗೆ ಅಲ್ಲಿ ಹನ್ನೆರಡರ ಬದಲು ಎಂಟು ಅಕ್ಷರ, ನಮ್ಮ ಎಣಿಕೆಯ ಆರು ಅಲ್ಲ.

ಆದ್ದರಿಂದ ಕನ್ನಡಕ್ಕೆ ಸಾಧನ ಕಟ್ಟುವವರು ಕೊನೆಯ ಹೆಜ್ಜೆಯನ್ನು ತಾವೇ ಇಡಬೇಕು. ಒಂದು ತುಂಡು ವಿರಾಮದಲ್ಲಿ ಮುಗಿದು, ಮುಂದಿನದು ವ್ಯಂಜನದಿಂದ ತೊಡಗಿದರೆ ಎರಡನ್ನೂ ಕೂಡಿಸಬೇಕು. ಇದಕ್ಕೂ ಒಂದು ಅಪವಾದವಿದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇಡುತ್ತೇವೆ. ಅದು ಸಿಕ್ಕಿದಲ್ಲಿ ಕೂಡಿಸಬಾರದು. ಇಷ್ಟೇ ನಿಯಮ, ನಾಲ್ಕಾರು ಸಾಲಿನ ಕೆಲಸ. ಮೊಳೆ ಜೋಡಿಸುತ್ತಿದ್ದವರ ಬೆರಳಿಗೆ ಗೊತ್ತಿದ್ದದ್ದನ್ನು ಯಂತ್ರಕ್ಕೆ ಹೇಳಿಕೊಡುವುದು, ಅಷ್ಟೆ.

ಅಥವಾ ತುಂಡು ಮಾಡುವ ಗೋಜಿಗೇ ಹೋಗದಿರಬಹುದು. ಹಿರೋಶಿಗೆಯ ದಾರಿ ಹಿಡಿದು ಮೈಗೆ ಬಣ್ಣ ಹಚ್ಚಬಹುದು. 2001ರಲ್ಲಿ ಮಾನ್ಯವಾದ ಎಸ್‌ವಿಜಿ ಎಂಬ ಚಿತ್ರಭಾಷೆಯಲ್ಲಿ ಇಡೀ ಸಾಲಿಗೆ ಜಾರುವ ಬಣ್ಣ ತುಂಬುವ ಅನುಕೂಲವಿತ್ತು. 2008ರಲ್ಲಿ ಆಪಲ್ ಸಂಸ್ಥೆಯ ಬೆಂಬಲದ ವೆಬ್‌ಕಿಟ್ ತಂಡ ಸಿಎಸ್‌ಎಸ್ ಎಂಬ ಅಲಂಕಾರ ಭಾಷೆಗೆ ಗ್ರೇಡಿಯೆಂಟನ್ನು ತಂದಿತು. ಹಿನ್ನೆಲೆಯ ಬಣ್ಣವನ್ನು ಅಕ್ಷರದ ಆಕಾರಕ್ಕೆ ಕತ್ತರಿಸುವ ಉಪಾಯವೂ ಅದೇ ತಂಡದ್ದು. ಕೆಲಸ ಹೀಗೆ: ಸಾಲಿನ ಹಿಂದೆ ಬಣ್ಣದ ಪಟ್ಟಿ ಹಾಸಿ, ಅಕ್ಷರದ ಆಕಾರದಲ್ಲಿ ಮಾತ್ರ ಅದು ಕಾಣುವಂತೆ ಕತ್ತರಿಸಿ, ಅಕ್ಷರದ ಸ್ವಂತ ಬಣ್ಣವನ್ನು ಪಾರದರ್ಶಕ ಮಾಡುವುದು. ರಂಗೋಲಿಯ ತೂತಿನ ಹಾಳೆಯನ್ನು ನೆನೆಸಿಕೊಂಡರೆ ಸಾಕು. ಫೈರ್‌ಫಾಕ್ಸ್ ಇದನ್ನು 2016ರಲ್ಲಿ ಒಪ್ಪಿಕೊಂಡಿತು. ಇಲ್ಲಿ ಬ್ರೌಸರು ಮೊದಲು ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ, ಬಣ್ಣ ಆಮೇಲೆ. ಒತ್ತೂ ಉಳಿಯುತ್ತದೆ, ಅರ್ಕಾವೊತ್ತಿನ ಬಣ್ಣವೂ ಅದು ಕುಳಿತ ಜಾಗದ್ದೇ ಆಗಿರುತ್ತದೆ. ಕಣ್ಣಿಲ್ಲದವರಿಗೆ ಪುಟ ಓದಿ ಹೇಳುವ ತಂತ್ರಾಂಶವೂ ಪದವನ್ನು ಇಡಿಯಾಗಿ ಕಾಣುತ್ತದೆ.

ಹಾಗಿದ್ದರೆ ಅಕ್ಷರದ ದಾರಿಯನ್ನು ಬಿಟ್ಟೇಬಿಡಬಹುದಲ್ಲ ಎಂದರೆ, ಆಗದು. ಬರಹವನ್ನು ಬೇರೆಡೆಗೆ ಒಯ್ಯಬೇಕಾದಾಗ ಅದೊಂದೇ ದಾರಿ ಇರುವ ಜಾಗಗಳಿವೆ. ಮಕ್ಕಳು ಆಡುವ ಮೈನ್‌ಕ್ರಾಫ್ಟ್ ಆಟದಲ್ಲಿ 2020ರ 1.16 ಆವೃತ್ತಿಯಿಂದ ಮಾತಿಗೆ ಬೇಕಾದ ಬಣ್ಣವನ್ನೆಲ್ಲ ಕೊಡಬಹುದು, ಆದರೆ ತುಂಡು ತುಂಡಿಗೆ. ಅಲ್ಲಿ ಮೊದಲು ಹೇಳಿದ ಜೋಡಣೆಯ ನಿಯಮ ಬೇಕೇ ಬೇಕು.

ಮೈಗೆ ಬಣ್ಣ ಹಚ್ಚುವವರು ಗಮನಿಸಬೇಕಾದ ಎರಡು ಮಾತು ಉಳಿದಿವೆ. ಬಿಳಿ ಹಿನ್ನೆಲೆಯಲ್ಲಿ ಅಪ್ಪಟ ಹಳದಿ ಅಕ್ಷರ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಸಾಮಾನ್ಯ ಬರಹ ಎಲ್ಲರಿಗೂ ಓದಲು ಬರಬೇಕಾದರೆ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅನುಪಾತ 4.5ಕ್ಕೆ 1 ಇರಬೇಕೆಂದು 2008ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲೆ ಹಳದಿಯ ಅನುಪಾತ 1.07 ಮಾತ್ರ, ನೀಲಿಯದು 8.59. ನೀಲಿಯಿಂದ ಹಳದಿಗೆ ಜಾರುವ ಸಾಲು ನಡೆಯುತ್ತಾ ನಡೆಯುತ್ತಾ ಅಳಿಸಿಹೋಗುತ್ತದೆ. ಸಾಧನ ಕಟ್ಟುವವರು ಎರಡು ತುದಿಗಳನ್ನಲ್ಲ, ಎಲ್ಲ ಅಕ್ಷರಗಳನ್ನೂ ಅಳೆದು ಎಚ್ಚರಿಸುವಂತೆ ಮಾಡುವುದು ಒಳ್ಳೆಯದು.

ಎರಡನೆಯದು ಕಾಗದದ ವಿಷಯ. ಶಾಯಿ ಉಳಿಸಲೆಂದು ಬ್ರೌಸರುಗಳು ಸಾಮಾನ್ಯವಾಗಿ ಪುಟದ ಹಿನ್ನೆಲೆಯನ್ನು ಮುದ್ರಿಸುವುದಿಲ್ಲ. ನಮ್ಮ ಸಾಲಿನ ಬಣ್ಣವೆಲ್ಲ ಇರುವುದೇ ಹಿನ್ನೆಲೆಯಲ್ಲಿ, ಅಕ್ಷರವೋ ಪಾರದರ್ಶಕ. ಪ್ರಿಂಟ್ ತೆಗೆದರೆ ಶುಭಾಶಯವಿರಬೇಕಾದ ಜಾಗ ಖಾಲಿಯಾಗಿ ಬರಬಹುದು. ಮುದ್ರಣಕ್ಕೆಂದೇ ಬೇರೊಂದು ನಿಯಮ ಬರೆದು, ಅಲ್ಲಿ ಅಕ್ಷರಕ್ಕೆ ಕಪ್ಪು ಬಣ್ಣ ಕೊಟ್ಟುಬಿಡಿ.